ಗುರೆಳ್ಳು ಪುಡಿಯ ಡಾಕ್ಟರಮ್ಮ

ಮೊನ್ನೆ ಜಯನಗರದ ಅಂಗಡಿಯೊಂದರಲ್ಲಿ ಯಾರೋ ಗುರೆಳ್ಳಿನ, ಅಂದರೆ ನಮ್ಮ ಕಡೆಯ ಹುಚ್ಚೆಳ್ಳಿನ, ಚಟ್ನಿಪುಡಿಯ ಡಬ್ಬಿ ತೆರೆದರು. ಬೆಳ್ಳುಳ್ಳಿಯ ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನನಗೆ ನಮ್ಮ ಶ್ರೀನಗರದ ಮನೆಯ ಮೆಟ್ಟಿಲು ಕಣ್ಣಿಗೆ ಕಟ್ಟಿತು...

ತೊಂಬತ್ತರ ದಶಕದಲ್ಲಿ ನಮ್ಮ ಮಹಡಿಗೆ ಬಾಗಲಕೋಟೆ ಕಡೆಯ ಡಾಕ್ಟರಮ್ಮ ಬಾಡಿಗೆಗೆ ಬಂದರು. ಮಕ್ಕಳ ಐಸಿಯುನಲ್ಲಿ ಕೆಲಸ. ನಮ್ಮದು ಬೆಳ್ಳುಳ್ಳಿ ಒಳಗೆ ಬಿಡದ ಮನೆ. ಬಾಡಿಗೆಯವರಿಗೂ ಅದೇ ಷರತ್ತು. ತಲೆಯಾಡಿಸಿ ಒಪ್ಪಿದವರು ಊರಿಂದ ಡಬ್ಬಿ ತುಂಬ ಗುರೆಳ್ಳು ಪುಡಿ ತಂದಿಟ್ಟುಕೊಂಡಿದ್ದರು! "ನಾ ಎಲ್ಲಿ ಬೆಳ್ಳುಳ್ಳಿ ಹಾಕೀನ್ರಿ? ಅದು ಊರಾಗ ಹಾಕಿದ್ದು" ಎಂಬ ವಾದ ಬೇರೆ. ನಾನೇನು ಬಿಡುವವಳೇ? ಮೆಟ್ಟಿಲ ಬುಡದಲ್ಲಿ ನಿಂತು ಕೂಗಾಡುತ್ತಿದ್ದೆ.

ನಮ್ಮ ಮಗ ಆಗಿನ್ನೂ ಶಾಲೆಗೆ ಸೇರಿರಲಿಲ್ಲ. ಜ್ವರ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಹಾಸಿಗೆಯಿಂದ ಇಳಿದವನು ಹಾಗೇ ಕುಸಿದ. ನಾಟಕ ಆಡುತ್ತಿದ್ದಾನೆ ಅಂದುಕೊಂಡೆವು. ಡ್ಯೂಟಿಗೆ ಹೊರಟಿದ್ದ ಡಾಕ್ಟರಮ್ಮ ಅವನ ಮಂಡಿ ತಟ್ಟಿ ನೋಡಿದರು, ಕಾಲು ಮಿಡುಕಲಿಲ್ಲ; ಎತ್ತಿಕೊಂಡು ಆಟೋ ಹತ್ತಿದರು. ಮಾರನೆಯ ದಿನಕ್ಕೆ ಕೈಗಳೂ ಸೋತು, ಉಸಿರಿಗೇ ಯಂತ್ರ ಬೇಕಾಯಿತು.

ರಕ್ತದ ನೀರಿನಂಥ ಭಾಗ, ಅಂದರೆ ಪ್ಲಾಸ್ಮಾ, ಅದರಲ್ಲೇ ಇವನ ನರ ತಿನ್ನುವ ವಿಷವಿದೆ, ಅದನ್ನು ತೆಗೆದು ಬೇರೆಯವರದ್ದು ಹಾಕಬೇಕು ಅಂದರು ಡಾಕ್ಟರಮ್ಮ. ನಮ್ಮತ್ತೆ ಎದೆ ಬಡಿದುಕೊಂಡರು. "ಅಯ್ಯೋ, ಯಾರ್ಯಾರ್ದೋ ಹಾಕಿದ್ರೆ ಇವ್ನು ನಮ್ಮವನಾಗೇ ಉಳೀತಾನೇನಮ್ಮಾ?"

"ಉಳೀಲಿ ಅಂತನ ಹಾಕೂದ್ರಿ ಅಮ್ಮಾರ. ನಂದೂ ಅದ ರಕ್ತದ ಗುಂಪು, ನಾನೂ ಕೊಡ್ತೀನಿ. ನಾಳೆ ಹುಡುಗ ಬೆಳ್ಳುಳ್ಳಿ ಕೇಳಿದ್ರ ನನ್ನ ಬೈಬ್ಯಾಡ್ರಿ ಮತ್ತ!"

ಪ್ಲಾಸ್ಮಾ ಬದಲಿಸಲು ಅಲ್ಲಿದ್ದದ್ದು ದೊಡ್ಡವರಿಗೆ ಮಾಡಿದ ಯಂತ್ರ. ಅದರ ಕೊಳವೆಗಳಿಗೆ ಅಷ್ಟು ರಕ್ತ ಬಿಟ್ಟರೆ ಆ ಪುಟ್ಟ ಮೈ ತಡೆಯುವಂತಿರಲಿಲ್ಲ. ಡಾಕ್ಟರಮ್ಮ ಕೈಯಲ್ಲೇ ಮಾಡಿದರು. ಸಿರಿಂಜಿನಲ್ಲಿ ಸ್ವಲ್ಪ ಸ್ವಲ್ಪ ರಕ್ತ ಎಳೆಯುವುದು, ಅದನ್ನು ಗಿರಗಿರ ತಿರುಗಿಸಿ ಪ್ಲಾಸ್ಮಾ ಬೇರ್ಪಡಿಸುವುದು, ಕೆಂಪು ಭಾಗವನ್ನು ಹೊಸ ಪ್ಲಾಸ್ಮಾದ ಜೊತೆ ವಾಪಸು ಕೊಡುವುದು, ಮತ್ತೆ ಎಳೆಯುವುದು... ಗಾಜಿನಾಚೆ ನಿಂತು ನೋಡಿದೆ. ಅವರು ಊಟ ಮಾಡಲಿಲ್ಲ, ಬೆನ್ನು ನೆಟ್ಟಗೆ ಮಾಡಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ಹೀಗೇ ನಡೆಯಿತು. ಕೊನೆಗೊಂದು ಮಧ್ಯಾಹ್ನ ನಮ್ಮ ಹುಡುಗ ಅವರ ಬೆರಳು ಹಿಡಿದುಕೊಂಡ. ಆಮೇಲೆ ತಾನೇ ಉಸಿರಾಡಿದ. "ನಮ್ಮ ಮಹಡಿಯವರು ಕಣ್ರೀ, ಮಾಡಿದ್ದು!" ಎಂದು ಹನುಮಂತನಗರದ ಹೂವಿನವಳವರೆಗೂ ಹೇಳಿಕೊಂಡು ತಿರುಗಿದೆ. ಆ ಹೆಮ್ಮೆ ನನಗೆ ಇವತ್ತಿಗೂ ಇಳಿದಿಲ್ಲ.

ಮನೆಗೆ ಬಂದವನು ಡಾಕ್ಟರಮ್ಮನ ತೊಡೆಯೇರಿ ರೊಟ್ಟಿಗೆ ಆ ಪುಡಿಯನ್ನೇ ಕೇಳಬೇಕೇ! "ನೋಡ್ದ್ಯಾ, ರಕ್ತ ಕೇಳ್ತಿದೆ" ಅಂದರು ಅತ್ತೆ. ಆಮೇಲೆ ತಾವೇ, "ಹಾಕಮ್ಮಾ, ಇನ್ನೊಂಚೂರು ಹಾಕು" ಅಂದರು.

ವರ್ಗವಾಗಿ ಹೋದ ಮೇಲೂ ಡಾಕ್ಟರಮ್ಮ ಅವನಿಗಾಗಿ ಡಬ್ಬಿ ಹಿಡಿದು ಬರುತ್ತಿದ್ದರು. ನನ್ನ ಅಡುಗೆಮನೆಗೆ ಮಾತ್ರ ಅದನ್ನು ನಾನು ಬಿಟ್ಟಿರಲಿಲ್ಲ. ಹೋದ ವಾರ ಅವರ ಊರಿಂದ ಫೋನ್ ಬಂತು. ಡಾಕ್ಟರಮ್ಮ ಹೋಗಿಬಿಟ್ಟರಂತೆ... ಮಗನಿಗೆ ಹೇಳಲು ನನಗೆ ಬಾಯೇ ಬಂದಿರಲಿಲ್ಲ.

ಮೊನ್ನೆ ಆ ಅಂಗಡಿಯಿಂದ ಗುರೆಳ್ಳು, ಬೆಳ್ಳುಳ್ಳಿ ತಂದು ನನ್ನ ಒಲೆಯ ಮೇಲೇ ಹುರಿದೆ. ಈಗ ಆ ಮಹಡಿಯಲ್ಲಿ ನಾವೇ ಇದ್ದೇವೆ. ಸಂಜೆ ಮಗ ಎಂದಿನಂತೆ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂದ. ಬಾಗಿಲಲ್ಲೇ ಮೂಗರಳಿಸಿ ಕೂಗಿದ.

"ಅಮ್ಮಾ, ಡಾಕ್ಟರಾಂಟಿ ಬಂದಿದ್ದಾರಾ?"