ಮಾಲೂರಿನ ಓದುಗ

ಇದನ್ನು ಬರೆಯಲೆಂದು ಕುಳಿತು, ಬರೆಯದೆ ಎದ್ದದ್ದು ಎಷ್ಟು ಸಲವೋ. ಕನ್ನಡಕ ಸರಿಯಿಲ್ಲ, ಶಾಯಿ ಇಲ್ಲ, ಮೈ ಸರಿಯಿಲ್ಲ. ಈಗ ನೆಪ ಹುಡುಕಲೂ ಶಕ್ತಿಯಿಲ್ಲ.

ಮೊದಲು ಅವರ ಪಾದಗಳ ಬಗ್ಗೆ ಹೇಳಬೇಕು. ಒಡೆದ ಹಿಮ್ಮಡಿ, ಬಲಗಾಲಿನ ಎರಡು ಬೆರಳಿಗೆ ಉಗುರೇ ಇಲ್ಲ. ಹರೆಯದಲ್ಲಿ ಶ್ರೀನಿವಾಸಪುರದಿಂದ ಕಾಶಿಗೆ ನಡೆದು ಹೋಗಿ, ನಡೆದೇ ಹಿಂದಿರುಗಿದವರು. ನಾನು ಕಂಡಾಗ ಕೋಲಾರದ ಒಂದು ಸಣ್ಣ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಎಲ್ಲರಿಗೂ ಅವರು ಕಾಶಿ ತಾತ.

ಕಾಲ್ನಡಿಗೆಯ ಪ್ರವಾಸದ ಪುಸ್ತಕಗಳೆಂದರೆ ಅವರಿಗೆ ಪ್ರಾಣ. ಯಾರು ಯಾವುದನ್ನು ಓದಬೇಕೆಂದು ಅವರೇ ತೀರ್ಮಾನಿಸುತ್ತಿದ್ದರು.

"ಇದು ಬೇಡ ಕಣೋ. ಮುನ್ನೂರು ಪುಟ ನಡೆದವ್ನೆ, ಒಂದ್ಕಡೆನೂ ಕಾಲು ನೋಯ್ತು ಅಂದಿಲ್ಲ. ಗಾಡೀಲಿ ಹೋಗ್ಬಂದು ಬರ್ದವ್ನೆ, ಕಳ್ಳ!" ಇನ್ನೊಂದನ್ನು ಪಂಚೆಯ ಅಂಚಿನಿಂದ ಒರೆಸಿ ಕೊಡುವರು. "ಇದು ತಗೊ. ಎಂಟ್ನೇ ಪುಟಕ್ಕೇ ಅಂಗಾಲಲ್ಲಿ ಬೊಬ್ಬೆ ಎದ್ದೈತೆ. ಮೆಲ್ಲಗಾ ಓದ್ರಾ, ಮೆಲ್ಲಗಾ." ಖುಷಿಯಾದರೆ ಅವರ ಮನೆಮಾತು ತೆಲುಗು ಹೀಗೆ ನುಸುಳುತ್ತಿತ್ತು.

ಎರಡನೆಯ ಮಹಾಯುದ್ಧದ ಕಾಲ. ಹೈಸ್ಕೂಲು ಮುಗಿಸಿದ್ದ ನಾನು ಮುಳಬಾಗಿಲಿನ ಕಚೇರಿಯೊಂದರಲ್ಲಿ ಗುಮಾಸ್ತ. ಭಾನುವಾರ ಪುಸ್ತಕಕ್ಕೆ ಬರುತ್ತಿದ್ದೆ. ಅವರು ಕೊಟ್ಟದ್ದೆಲ್ಲ ಮುಗಿದಾಗ, ಬೀರುವಿನ ಒಳಗಿನಿಂದ ಒಂದು ಹಳೆಯ ನೋಟುಬುಕ್ಕು ತೆಗೆದರು. ಕಾಶಿಯ ದಾರಿಯಲ್ಲಿ ಅವರೇ ಬರೆದದ್ದು. ಬೇರೆ ಪ್ರತಿಯಿಲ್ಲ.

"ಯಾರ್ಗೂ ಕೊಟ್ಟಿಲ್ಲ ಕಣೋ. ಓದಿ ಹೆಂಗೈತೆ ಹೇಳು. ಸುಳ್ಳು ಹೇಳ್ಬೇಡ."

ಊರಿಗೆ ಮರಳುವಾಗ, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಿಂದ ಓಡುತ್ತಿದ್ದ ಬಸ್ಸು ನಡುದಾರಿಯಲ್ಲಿ ನಿಂತಿತು. ಇಳಿದು ತಳ್ಳಿ ಸಾಕಾಯಿತು. ಹಿಂದಿನಿಂದ ಇನ್ನೊಂದು ಬಸ್ಸು ಬಂದದ್ದೇ ಹಾರಿ ಹತ್ತಿದೆ. ನೋಟುಬುಕ್ಕು ಮೊದಲಿನದರ ಸೀಟಿನ ಮೇಲೆಯೇ ಉಳಿಯಿತು. ಮರುದಿನ ಆ ಬಸ್ಸನ್ನು ಹಿಡಿದು ಕೇಳಿದಾಗ ಕ್ಲೀನರ್ ತಲೆ ಕೆರೆದುಕೊಂಡ. "ಆ ಹಳೇ ಕಾಗ್ದಾನಾ ಸಾಮಿ? ಇದ್ದಿಲು ಹೊತ್ಸೋಕೆ ಹಾಕ್ಬಿಟ್ನಲ್ಲ!"

ಮುಂದಿನ ಭಾನುವಾರ ತಾತ ಬಾಗಿಲಲ್ಲೇ ಕಾದಿದ್ದರು.

"ಓದಿದ್ಯೇನೋ?"

"ಓದ್ದೆ ತಾತ. ಬಹಳ ಚೆನ್ನಾಗಿದೆ. ಮಾಲೂರಲ್ಲಿ ನನ್ ಸ್ನೇಹಿತ ನಾಗರಾಜ ಅಂತಿದಾನೆ. ತಾನೂ ಓದ್ತೀನಿ ಅಂತ ಇಸ್ಕೊಂಡ."

ಅಂಥ ನಾಗರಾಜ ಯಾರೂ ಇರಲಿಲ್ಲ. ತಾತನ ಮುಖ ಅರಳಿತು. "ಇನ್ನೊಬ್ನೂ ಓದ್ತಾವ್ನಾ! ಯಾವ್ ಬೀದಿ?" ಬಾಯಿಗೆ ಬಂದ ಬೀದಿಯ ಹೆಸರು ಹೇಳಿದೆ.

ಎರಡು ವಾರ ಅದೇ ವಿಚಾರಣೆ. "ಎಲ್ಲಿಗ್ ಬಂದ ನಿನ್ ನಾಗರಾಜ? ನರ್ಮದೆ ದಾಟಿದ್ನಾ?" ಮೂರನೆಯ ಭಾನುವಾರ ಹೋದಾಗ ಅವರ ಎರಡೂ ಪಾದಗಳಿಗೆ ಬಟ್ಟೆ ಸುತ್ತಿತ್ತು.

"ಮಾಲೂರ್ಗೆ ಹೋಗಿದ್ದೆ ಕಣೋ, ನಡ್ಕೊಂಡು. ಓದೋನ್ನ ಒಂದ್ಸಲ ಕಾಣಾಣ ಅಂತ."

ಬಗ್ಗಿ ಕಾಲಿನ ಬಟ್ಟೆಯ ಗಂಟು ಬಿಗಿದುಕೊಂಡರು.

"ಮನೆ ಸಿಗ್ಲಿಲ್ಲ. ನಾನೇ ದಾರಿ ತಪ್ಪಿದ್ನೇನೋ. ವಯಸ್ಸಾಯ್ತು."

ಕಾಶಿಗೆ ಹೋಗಿ ಬರುವಾಗ ದಾರಿ ತಪ್ಪದವರು. ನನ್ನ ಮುಖ ನೋಡದೆ ಎದ್ದು, ಕುಂಟುತ್ತಾ ಬೀರುವಿನ ತನಕ ಹೋಗಿ ಒಂದು ಪುಸ್ತಕ ತಂದುಕೊಟ್ಟರು. "ತಗೊ. ಇವ್ನು ನಿಜವಾಗ್ಲೂ ನಡೆದವ್ನೆ."

ಆಗ ಹೇಳಬಹುದಿತ್ತು. ಹೇಳದೆ ಪುಸ್ತಕ ತೆಗೆದುಕೊಂಡು ಬಂದೆ. ಅದನ್ನು ಬೇರೆಯವರ ಕೈಲಿ ಹಿಂದಕ್ಕೆ ಕಳಿಸಿದೆ. ಮತ್ತೆ ವಾಚನಾಲಯದ ಬೀದಿಗೇ ಹೋಗಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ತಿಂಗಳುಗಳಾಗಿದ್ದವು.

ಅವರ ಹೆಸರು ನನಗೆ ತಿಳಿದದ್ದು ಆ ನೋಟುಬುಕ್ಕಿನಿಂದ. ಬಸ್ಸಿನಲ್ಲಿ ಕುಳಿತು ತೆರೆದ ಮೊದಲ ಪುಟ. ನಾನು ಓದಿದ್ದು ಅದೊಂದನ್ನೇ. ಅಲ್ಲಿ ಇದ್ದದ್ದು ಇಷ್ಟು: ಶ್ರೀನಿವಾಸಪುರದ ಮುನಿಶಾಮಪ್ಪ.