ನಾಯಿಗೆ ಜಾಗ ಇತ್ತು, ನನಗಿರಲಿಲ್ಲ

ನಾಯಿ ಸಾಕಿದವರಿಗೆ ಬೆಂಗಳೂರಲ್ಲಿ ಬಾಡಿಗೆ ಮನೆ ಸಿಗೋದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಆದದ್ದೇ ಬೇರೆ. ಇವತ್ತಿಗೂ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆಗ ನಾನು ಆರ್.ಟಿ. ನಗರದ ಒಂದು ಮನೆಯ ಮಹಡಿಯಲ್ಲಿ ಒಬ್ಬಳೇ ಇದ್ದೆ. ಕೆಳಗೆ ಮಾಲೀಕರು, ವಯಸ್ಸಾದ ಗಂಡ ಹೆಂಡತಿ. ಅದಕ್ಕೂ ಮೊದಲು ಹೆಬ್ಬಾಳದಲ್ಲಿ ನನ್ನ ಸ್ಕೂಟರಿಗೆ ಲಾರಿ ತಾಗಿತ್ತು. ಕಾಲಿನ ಮೂಳೆ ಕೂಡಿಕೊಂಡಿತು, ಭಯ ಮಾತ್ರ ಹೋಗಲಿಲ್ಲ. ಜೋರಾಗಿ ಹಾರ್ನ್ ಕೇಳಿದರೆ ಸಾಕು, ಎದೆ ಬಿಗಿದು, ಬೆರಳು ಮರಗಟ್ಟಿ, ಉಸಿರು ಸಿಕ್ಕಿಕೊಳ್ಳುತ್ತಿತ್ತು. ಮನೋವೈದ್ಯೆ ಮಾತ್ರೆ ಕೊಟ್ಟರು. "ಸಾಧ್ಯ ಆದ್ರೆ ಒಂದು ಪ್ರಾಣಿ ಸಾಕಿ, ಮನಸ್ಸಿಗೆ ಆಸರೆ ಆಗುತ್ತೆ" ಅಂತಲೂ ಅಂದರು. ಮಾಲೀಕರನ್ನು ಕೇಳಿಯೇ ನಮ್ಮ ಬೀದಿಯ ಕರಿ ಹೆಣ್ಣುನಾಯಿಯನ್ನು ಒಳಗೆ ಕರೆದುಕೊಂಡೆ. ನನಗೆ ಉಸಿರು ಕಟ್ಟಿದಾಗ ಅದು ತಾನಾಗಿ ಬಂದು ತೊಡೆಯ ಮೇಲೆ ಭಾರ ಬಿಟ್ಟು ಮಲಗುತ್ತಿತ್ತು. ಅದರ ಕತ್ತು ಸವರುತ್ತ ಕೂತರೆ ಮೆಲ್ಲಗೆ ಎಲ್ಲ ಸರಿಹೋಗುತ್ತಿತ್ತು.

ಮಾಲೀಕರಿಗೂ ಅದರ ಮೇಲೆ ಅಕ್ಕರೆ. ಆಂಟಿ ಮೊಸರನ್ನ ಕಲಸಿಡೋರು. ಅಂಕಲ್ ಸಂಜೆ ಗೇಟಿನ ಹತ್ತಿರ ಕೂರಿಸಿಕೊಂಡು, "ನಮ್ಮನೆ ವಾಚ್‌ಮನ್" ಅಂತ ಹೋಗಿಬರೋರಿಗೆಲ್ಲ ತೋರಿಸೋರು.

ಒಂದು ಮಧ್ಯಾಹ್ನ ಮೆಟ್ಟಿಲ ಮೇಲೇ ನನಗೆ ಉಸಿರು ಕಟ್ಟಿತು. ನಾಯಿ ಕಾಲಿಗೆ ಒರಗಿ ಕೂತಿತ್ತು. ಆಂಟಿ ನೀರು ತಂದು, "ಏನಾಯ್ತಮ್ಮ?" ಅಂದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಪಾಪ ಅಂತ ತಲೆ ಸವರಿದರು.

ಮರುದಿನ ಅಂಕಲ್ ಮೇಲೆ ಬಂದರು. ಹೊಸಿಲ ಆಚೆಯೇ ನಿಂತರು.

"ನೋಡಮ್ಮ, ಬೇಜಾರು ಮಾಡ್ಕೋಬೇಡ. ಬೇರೆ ಮನೆ ನೋಡ್ಕೋ."

"ನಾಯಿಯಿಂದ ಏನಾದ್ರೂ ತೊಂದರೆ ಆಯ್ತಾ ಅಂಕಲ್?"

"ಛೆ, ನಾಯಿದೇನಿಲ್ಲ. ನೀನು ಅದೇನೋ ತಲೆ ಡಾಕ್ಟರ ಹತ್ರ ಹೋಗ್ತೀಯಂತೆ. ಮೇಲೆ ಟೆರೇಸ್ ಬೇರೆ ಇದೆ. ನಾಳೆ ಏನಾದ್ರೂ ಆದ್ರೆ ಪೊಲೀಸು ಗಿಲೀಸು ಅಂತ ನಾವು ಅಲೀಬೇಕಾಗುತ್ತೆ."

"ನೀವು ಬಿಪಿಗೆ ಮಾತ್ರೆ ತಗೊಳ್ಳಲ್ವಾ ಅಂಕಲ್? ಇದೂ ಹಾಗೇನೇ."

"ಅದೂ ಇದೂ ಒಂದೇ ಏನಮ್ಮ!" ಅವರಿಗೆ ನಿಜಕ್ಕೂ ಅವಮಾನವಾದಂತಿತ್ತು. ಎರಡು ಮೆಟ್ಟಿಲಿಳಿದವರು ತಿರುಗಿ ನಿಂತು, ದೊಡ್ಡ ಉಪಕಾರ ಮಾಡುವವರ ಹಾಗೆ ಹೇಳಿದರು: "ನಾಯೀನ ಬೇಕಾದ್ರೆ ಇಲ್ಲೇ ಬಿಟ್ಟು ಹೋಗು. ಗೇಟ್ ಹತ್ರ ಇರುತ್ತೆ. ನಾವೇ ನೋಡ್ಕೋತೀವಿ."

ದಢಾರನೆ ಬಾಗಿಲು ಹಾಕಿದೆ. ನನ್ನ ಉಸಿರಿಗೆ ಆಸರೆಯಾದದ್ದನ್ನು ಅವರ ಗೇಟು ಕಾಯೋಕೆ ಬಿಟ್ಟುಹೋಗಬೇಕಂತೆ! ತಿಂಗಳು ತಿಂಗಳು ತಪ್ಪದೆ ಬಾಡಿಗೆ ಕೊಟ್ಟವಳು, ಕಾಲೇಜಲ್ಲಿ ಪಾಠ ಮಾಡುವವಳು ಒಂದೇ ರಾತ್ರಿಯಲ್ಲಿ ಹುಚ್ಚಿಯಾಗಿದ್ದೆ. ಅದೂ ನಿಜ ಹೇಳಿದ್ದಕ್ಕೆ. ಆಮೇಲೆ ಆಂಟಿ ನನ್ನ ಮುಖ ನೋಡಲಿಲ್ಲ. ನಾಯಿಯನ್ನು ಮಾತ್ರ ಕರೆಯುತ್ತಲೇ ಇದ್ದರು.

ತಿಂಗಳ ಕೊನೆಗೆ ಯಲಹಂಕದಲ್ಲಿ ಮನೆ ಸಿಕ್ಕಿತು. ಸಾಮಾನು ಸಾಗಿಸುವ ಗಾಡಿಯಲ್ಲಿ ನಾಯಿ ನನ್ನ ಪಕ್ಕದಲ್ಲೇ ಕೂತಿತ್ತು. ಹೊಸ ಮಾಲಕಿ ಒಳ್ಳೆಯವರ ಹಾಗೇ ಕಂಡರು. "ನಾಯಿ ಯಾಕಮ್ಮ ಸಾಕಿದ್ದೀಯ?" ಅಂತ ಸುಮ್ಮನೆ ಕೇಳಿದರು.

"ಒಬ್ಬಳೇ ಇರೋದಲ್ವಾ ಆಂಟಿ, ಕಳ್ಳಕಾಕರ ಭಯ" ಅಂದೆ.

ಅವರು ನಂಬಿ ಬೀಗದ ಕೈ ಕೊಟ್ಟರು. ಆ ಸುಳ್ಳಿಗೆ ನನಗೇನೂ ನಾಚಿಕೆಯಾಗಲಿಲ್ಲ. ಹೇಳಬೇಕಾಗಿ ಬಂತಲ್ಲ ಅನ್ನೋ ಸಿಟ್ಟು ಮಾತ್ರ ಇನ್ನೂ ಆರಿಲ್ಲ.