ಗಿರ್ದಾವರರಿಗೆ ತೋರಿಸಿದ ಬಾವಿ

ನಾನು ಮದುವೆಯಾಗಿ ಬಂದ ಊರು ಹುಮನಾಬಾದಿನಿಂದ ಕಲ್ಯಾಣಕ್ಕೆ ಹೋಗುವ ದಾರಿಯಲ್ಲಿತ್ತು. ಮಹಾಯುದ್ಧದ ಕಾಲ. ಧಾನ್ಯ ಸಾಲುತ್ತಿಲ್ಲವೆಂದು, ಹೊಲದಲ್ಲಿ ಬಾವಿ ತೋಡಿಸಿ ಗೋಧಿ ಬೆಳೆಯುವವರಿಗೆ ಸರ್ಕಾರ ಹಣ ಕೊಡುತ್ತಿತ್ತು. ಅರ್ಧ ಮೊದಲೇ, ಉಳಿದರ್ಧ ನೀರು ತೋರಿಸಿದ ಮೇಲೆ.

ನಮ್ಮ ಮಾವನವರು ಹುಮನಾಬಾದಿನ ಕಚೇರಿಯಿಂದ ಮೊದಲರ್ಧ ತಂದು ಕೆಲಸ ಶುರು ಮಾಡಿಸಿದರು. ಆಳುದ್ದ ಅಗೆಯುವಷ್ಟರಲ್ಲಿ ಕರಿಗಲ್ಲು ಹತ್ತಿತು. ಅಲ್ಲಿಗೆ ನಿಲ್ಲಿಸಿ, ಮಿಕ್ಕ ಹಣದಲ್ಲಿ ಒಂದು ಜೋಡಿ ಎತ್ತು ಹೊಡೆದುಕೊಂಡು ಬಂದರು. ಊರವರೆಲ್ಲ ನೋಡಲು ಬಂದಾಗ ನಾನೂ ಹೊಸಿಲಲ್ಲಿ ನಿಂತು ಹಿಗ್ಗಿದ್ದೆ.

ನಮ್ಮ ಬದುವಿನ ಆಚೆ ಒಬ್ಬ ಮುಸಲ್ಮಾನ ರೈತರ ಹೊಲ. ನಾನು ಅವರನ್ನು ಚಾಚಾ, ಅವರ ಹೆಂಡತಿಯನ್ನು ಚಾಚಿ ಎನ್ನುತ್ತಿದ್ದೆ. ಅವರಪ್ಪ ತೋಡಿಸಿದ ಬಾವಿ ಎಂದೂ ಬತ್ತಿದ್ದಿಲ್ಲ. ಬುತ್ತಿ ಒಯ್ದಾಗಲೆಲ್ಲ ನಾನು ಅಲ್ಲಿಯೇ ಕೊಡ ತುಂಬಿಕೊಳ್ಳುತ್ತಿದ್ದೆ.

ಒಂದು ಮಧ್ಯಾಹ್ನ ಬಾವಿ ತನಿಖೆಗೆಂದು ಕಂದಾಯ ಕಚೇರಿಯ ಗಿರ್ದಾವರ ಸಾಹೇಬರು ಕುದುರೆ ಏರಿ ಬಂದರು. ಮಾವನವರು ನಮ್ಮ ಗುಂಡಿಯ ಹತ್ತಿರ ನಿಲ್ಲಲೇ ಇಲ್ಲ. ಬದು ದಾಟಿಸಿ ಅವರನ್ನು ನೇರ ಚಾಚಾನ ಬಾವಿಗೆ ಕರೆದೊಯ್ದರು. ನಾನು ಬುತ್ತಿ ಹಿಡಿದು ಹಿಂದೆಯೇ ಇದ್ದೆ.

"ಇದೇ ನೋಡ್ರಿ ಸಾಹೇಬ್ರ. ನೀರು ಭರಪೂರ ಅದ."

ಸಾಹೇಬರು ಬಗ್ಗಿ ನೋಡಿದರು. ಕಲ್ಲಿನ ಮೇಲೆ ಪಾಚಿ. "ಹಳೇ ಬಾವಿ ಇದ್ದಂಗ ಕಾಣಸ್ತದಲ್ಲ?" ಎಂದು, ಎತ್ತು ಹೂಡಿ ಬಾವಿಯಿಂದ ನೀರೆತ್ತುತ್ತಿದ್ದ ಚಾಚಾನ ಕಡೆ ತಿರುಗಿದರು. "ನೀ ಯಾರು?"

ಚಾಚಾ ಎತ್ತು ನಿಲ್ಲಿಸಿದರು. ಮಾವನವರ ಮುಖ ನೋಡಿದರು. ಮಾವನವರು ನೆಲ ನೋಡುತ್ತಿದ್ದರು.

"ನಾ ಗೌಡ್ರ ಆಳು ರಿ. ನೀರು ಎತ್ತಾಕತ್ತೀನಿ."

ಕಳೆ ಕೀಳುತ್ತಿದ್ದ ಚಾಚಿ ಈ ಮಾತು ಕೇಳಿ ಎದ್ದು ನಿಂತರು. ಸಾಹೇಬರು ನೀರು ಕೇಳಿದಾಗ ಆಕೆಯೇ ತಂದುಕೊಟ್ಟರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು.

ಕುದುರೆ ಮರೆಯಾದ ಮೇಲೆ ಮಾವನವರು, "ಮಿಯಾ..." ಎಂದರು.

"ಇರ್ಲಿ ಬಿಡ್ರಿ ಗೌಡ್ರ," ಎಂದರು ಚಾಚಾ. "ಪರ ಊರಾವನ ಮುಂದ ನಿಮ್ಮ ಮಾತು ಸುಳ್ಳ ಅನ್ಲಿ ಹ್ಯಾಂಗ?"

ಮರುದಿನ ನಾನು ಕೊಡ ಹಿಡಿದು ಹೋದಾಗ ಚಾಚಿ ಬಾವಿಯ ಕಟ್ಟೆಯ ಮೇಲಿದ್ದರು. ಹಗ್ಗ ಕೈಯಲ್ಲಿ ಹಿಡಿದೇ ಕೇಳಿದರು: "ಯಾಕವ್ವಾ, ನಿಮ್ಮ ಬಾವಿ ನೀರು ನಾ ಒಂದು ಕೊಡ ಒಯ್ಲೇನು?"

ನಗುತ್ತಲೇ ಕೇಳಿದ್ದರು. ನಾನು ಅಳತೊಡಗಿದೆ. ಬೇರೆ ದಿನವಾಗಿದ್ದರೆ ಸೆರಗಿನಿಂದ ಕಣ್ಣೊರೆಸುತ್ತಿದ್ದರು. ಅಂದು ತಮ್ಮ ಕೊಡ ಹೊತ್ತು ಹೊರಟುಬಿಟ್ಟರು.

ಮಾವನವರೆದುರು ಸೊಸೆ ಬಾಯಿ ತೆರೆಯುವ ರೂಢಿ ನಮ್ಮಲ್ಲಿರಲಿಲ್ಲ. ಆದರೂ ಅವರು ಊಟಕ್ಕೆ ಕೂತಾಗ ಬಾಗಿಲ ಮರೆಯಿಂದ, "ನಾ ಇನ್ನ ಆ ಬಾವಿಗಿ ಹೋಗಾಂಗಿಲ್ರಿ," ಎಂದೆ. ಅತ್ತೆ ಕಣ್ಣು ಬಿಟ್ಟರು. ಮಾವನವರು, "ಯಾಕ?" ಎಂದರು. ಚಾಚಿ ಕೇಳಿದ್ದನ್ನು ಹಾಗೆಯೇ ಹೇಳಿದೆ. ಅವರು ಮುರಿದ ರೊಟ್ಟಿಯನ್ನು ತಟ್ಟೆಯಲ್ಲಿಯೇ ಬಿಟ್ಟು ಎದ್ದರು.

ಎತ್ತುಗಳನ್ನು ಮಾರಿ ಕಲ್ಲು ಒಡೆಯುವವರನ್ನು ಕರೆಸಿದರು. ಉಳಿದರ್ಧ ಹಣ ಮಂಜೂರಾಗಿದೆ ಎಂದು ಕಚೇರಿಯಿಂದ ಆಳು ಬಂದು ಹೇಳಿದರೂ ಹುಮನಾಬಾದಿನತ್ತ ಹೋಗಲಿಲ್ಲ. ಹಣ ಯಾಕೆ ಬೇಡವೆಂದು ಕಚೇರಿಯಲ್ಲಿ ಹೇಳುವ ಧೈರ್ಯವೂ ಅವರಿಗಿರಲಿಲ್ಲ. ಜ್ವರವೆಂದು ಹೇಳಿ ಕಳಿಸಿದರು. ಬೇಸಿಗೆ ಬರುವ ಹೊತ್ತಿಗೆ ನೀರು ಕಂಡಿತು. ಗೋಧಿಗೆ ಸಾಲದು, ಉಳ್ಳಾಗಡ್ಡಿಗೆ ಸಾಕು.

ಚಾಚಾ ಬಂದು ಬೊಗಸೆಯಲ್ಲಿ ಕುಡಿದು, "ಛಲೋ ನೀರು ರಿ," ಎಂದರು. ನೀರು ಸವುಳಾಗಿತ್ತು. ಮಾವನವರು ತಲೆ ಎತ್ತಲಿಲ್ಲ.

ಚಾಚಿ ಬರಲಿಲ್ಲ. ಆಮೇಲೆ ದಾರಿಯಲ್ಲಿ ಎದುರಾದಾಗ ಕುಶಲ ಕೇಳುತ್ತಿದ್ದರು, ನನ್ನ ಮಕ್ಕಳ ಕೈಗೆ ಸೀತಾಫಲ ಇಡುತ್ತಿದ್ದರು. ಆಕೆಯ ಮುಖ ನೋಡಿ ಮಾತಾಡಲು ನನಗೇ ಬಹಳ ವರ್ಷ ಬೇಕಾಯಿತು.